ಅಜ್ಜನ ಮನೆ ಗಡಿಯಾರ ಫ್ಲ್ಯಾಟಿನ ಗೋಡೆ ಹತ್ತುವವರೆಗೆ

ಕೊನೆಗೂ ನಮ್ಮ ಹಾಲ್‌ನ ಗೋಡೆ ಮುಗಿಯಿತು. ಓಡುವ ಗೋಡೆ ಗಡಿಯಾರ ಒಂದು, ಹಳೇ ಮೆಷಿನ್ ಕಳೆದುಹೋದ ಪೆಟ್ಟಿಗೆ ಗಡಿಯಾರ ಇನ್ನೊಂದು, ಅಪ್ಪನ ಎಚ್‌ಎಂಟಿ, ಒಂದಿಷ್ಟು ಹಿತ್ತಾಳೆ ಸಾಮಾನು. ಇಷ್ಟೇ. ಮನೆಗೆ ಬಂದವರೆಲ್ಲ "ಎಲ್ಲಿ ಸಿಕ್ತು, ಎಷ್ಟಾಯ್ತು" ಅಂತ ಕೇಳುತ್ತಾರೆ. ಅದನ್ನು ನಿಂತ ಕಾಲಲ್ಲಿ ಹೇಳಿ ಮುಗಿಸೋಕೆ ಆಗಲ್ಲ. ಶುರು ಮಾಡಿದ್ದು ಮಳೆಗಾಲಕ್ಕೆ ಮುಂಚೆ, ಮುಗಿದದ್ದು ದೀಪಾವಳಿ ಕಳೆದ ಮೇಲೆ. ಕೆಲಸಕ್ಕಿಂತ ಕಾದಿದ್ದೇ ಜಾಸ್ತಿ. ಯಾರನ್ನು ಕೇಳಬೇಕು ಅನ್ನೋದು ಮೊದಲೇ ಗೊತ್ತಿದ್ದರೆ ಅರ್ಧ ಅಲೆದಾಟ ತಪ್ಪುತ್ತಿತ್ತು, ಅದಕ್ಕೇ ಬರೆದಿಡುತ್ತಿದ್ದೇನೆ.

ತೀರ್ಥಹಳ್ಳಿ ಹತ್ತಿರದ ಅಜ್ಜನ ಮನೆ ಪಾಲಾಯಿತು. ತೋಟ, ಗದ್ದೆ ಎಲ್ಲ ಮೊದಲೇ ಆಗಿತ್ತು, ಉಳಿದದ್ದು ಮನೆ ಸಾಮಾನು. ತಾಮ್ರದ ಹಂಡೆ ಯಾರಿಗೆ ಅನ್ನೋದಕ್ಕೆ ನಡೆದಷ್ಟು ಮಾತು ಗದ್ದೆಗೂ ನಡೆದಿರಲಿಲ್ಲ. ಗಡಿಯಾರವನ್ನು ಮಾತ್ರ ಯಾರೂ ಕೇಳಲಿಲ್ಲ. ಅದು ನಿಂತು ವರ್ಷಗಟ್ಟಲೆ ಆಗಿತ್ತು. ನಿಂತ ಗಡಿಯಾರ ಮನೆಗೆ ಒಳ್ಳೇದಲ್ಲ ಅಂತ ದೊಡ್ಡಮ್ಮ ಅದನ್ನು ಅಟ್ಟಕ್ಕೆ ಹಾಕಿಸಿದ್ದರು. ನಾನು ಬೇಕು ಅಂದೆ, "ತಗೊಂಡು ಹೋಗು ಮಾರಾಯ, ಜಾಗ ಆದ್ರೂ ಆಗ್ತದೆ" ಅಂದರು. ನ್ಯೂಜೆರ್ಸಿಯಲ್ಲಿರುವ ದೊಡ್ಡಪ್ಪನ ಮಗ ಫೋನಿನಲ್ಲಿ "ನಿನಗೆ ಬೇಡ ಅನ್ನಿಸಿದ್ರೆ ನನಗೆ ಕಳಿಸು" ಅಂದ. ಆ ಕಥೆ ಮುಂದೆ ಬರುತ್ತದೆ.

ಇಲ್ಲಿ ಒಂದು ಮಾತು. ಹಳೇ ಸಾಮಾನು ಪಾಲಿನಲ್ಲಿ ಬಂದರೆ ಪಟ್ಟಿಯಲ್ಲಿ ಅದರ ಹೆಸರು ಬರೆಸಿ. ಸುಮ್ನೆ "ಗಡಿಯಾರ 1" ಅಂತ ಅಲ್ಲ. ಉದ್ದ, ಮರ, ಡಯಲ್ ಮೇಲೆ ಇರುವ ಹೆಸರು ಎಲ್ಲ ಬರೆಸಿ ಸಹಿ ಹಾಕಿಸಿ, ಅದು ಗೋಡೆ ಮೇಲೋ ಅಟ್ಟದಲ್ಲೋ ಇರುವಾಗಲೇ ಫೋಟೊ ತೆಗೆಯಿರಿ. ಈ ಹಾಳೆ ನನಗೆ ಆಮೇಲೆ ಸರ್ಕಾರಿ ಕಚೇರಿಯಲ್ಲಿ ಉಪಯೋಗಕ್ಕೆ ಬಂತು.

ಇನ್ನು ಸಾಗಿಸೋದು. ಪೆಂಡುಲಮ್ ಕಳಚದೆ ಗಡಿಯಾರ ಎತ್ತಲೇಬಾರದು. ಅದು ನೇತಾಡುವುದು ಕಾಗದದಷ್ಟು ತೆಳು ಇರುವ ಒಂದು ಸ್ಪ್ರಿಂಗ್ ಪಟ್ಟಿಯಿಂದ, ದಾರಿಯಲ್ಲಿ ಒಮ್ಮೆ ಜೋರಾಗಿ ಕುಲುಕಿದರೆ ಮುರಿಯುತ್ತದೆ. ಪೆಂಡುಲಮ್ ಬೇರೆ, ಕೀ ಬೇರೆ ಸುತ್ತಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಗಡಿಯಾರದ ಒಳಗೆ ಸಡಿಲವಾಗಿ ಬಟ್ಟೆ ತುಂಬಿ, ಗಾಜಿನ ಮೇಲೆ ಅಡ್ಡಡ್ಡ ಟೇಪ್ ಅಂಟಿಸಿ. ರಾತ್ರಿ ಬಸ್ಸಿನಲ್ಲಿ ನಾನು ಅದನ್ನು ಕಂಬಳಿಯಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡು ಬಂದೆ. ಕಂಡಕ್ಟರ್ ಲಗೇಜ್ ಹಾಕಿಸಿದರು, ಪರವಾಗಿಲ್ಲ.

ಬೆಂಗಳೂರಿಗೆ ತಂದು ಬಾಗಿಲು ತೆಗೆದು ಟಾರ್ಚ್ ಬಿಟ್ಟಾಗ ಒಳಗಿನ ಹಲಗೆಗೆ ಅಂಟಿಸಿದ ಕಾಗದದ ಚೀಟಿ ಕಂಡಿತು. ಅರ್ಧ ಭಾಗ ಬೆಳ್ಳಿಮೀನು ಹುಳ ತಿಂದಿದೆ. ಉಳಿದದ್ದರಲ್ಲಿ ಆನ್ಸೋನಿಯಾ ಕ್ಲಾಕ್ ಕಂಪನಿ, ನ್ಯೂಯಾರ್ಕ್ ಅಂತ ಓದೋಕೆ ಆಗುತ್ತದೆ. ಈ ಕಂಪನಿ ಶುರುವಾದದ್ದು ಅಮೆರಿಕದ ಕನೆಕ್ಟಿಕಟ್‌ನಲ್ಲಿ, ಆಮೇಲೆ 1879ರ ಸುಮಾರಿಗೆ ನ್ಯೂಯಾರ್ಕ್‌ನ ಬ್ರೂಕ್ಲಿನ್‌ಗೆ ಹೋಯಿತು. 1929ರಲ್ಲಿ ಮುಚ್ಚಿತು, ಯಂತ್ರಗಳನ್ನೆಲ್ಲ ಸೋವಿಯತ್ ರಷ್ಯಾಕ್ಕೆ ಮಾರಿದರು. ಅಂದರೆ ಚೀಟಿಯಲ್ಲಿ ನ್ಯೂಯಾರ್ಕ್ ಇದ್ದರೆ ಗಡಿಯಾರ ಈ ಐವತ್ತು ವರ್ಷದ ಒಳಗಿನದು. ಇಸವಿ ಗೊತ್ತು ಮಾಡಿಕೊಳ್ಳೋಕೆ ಇಂಥ ಚೀಟಿಯೇ ದೊಡ್ಡ ಸಾಕ್ಷಿ. ದಯವಿಟ್ಟು ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಡಯಲ್ ಕೂಡ ಅಷ್ಟೇ. ಇಂಥ ಗಡಿಯಾರಗಳಲ್ಲಿ ಬಹಳಷ್ಟು ಡಯಲ್ ತಗಡಿನ ಮೇಲೆ ಅಂಟಿಸಿದ ಕಾಗದ, ನೀರು ತಗುಲಿದರೆ ಅಂಕಿ ಸಮೇತ ಎದ್ದು ಬರುತ್ತದೆ.

ನೋಡೋಕೆ ಬಂದ ಪಕ್ಕದ ಮನೆಯವರು ಡಯಲ್ ತೋರಿಸಿ "ಇದು ಡೂಪ್ಲಿಕೇಟ್ ಸಾರ್, ರೋಮನ್ ನಾಲ್ಕು ತಪ್ಪು ಬರೆದಿದ್ದಾರೆ" ಅಂದರು. ನಾಲ್ಕರ ಜಾಗದಲ್ಲಿ ನಾಲ್ಕು ಗೀಟು ಇರೋದು ತಪ್ಪಲ್ಲ. ಹಳೇ ರೋಮನ್ ಡಯಲ್‌ಗಳಲ್ಲಿ ಹಾಗೇ ಇರುತ್ತದೆ. ಹೆದರಬೇಡಿ.

ಆಮೇಲೆ ಶುರುವಾಯಿತು ರಿಪೇರಿಯವರ ಹುಡುಕಾಟ. ವಾಚ್ ರಿಪೇರಿ ಅಂಗಡಿ ಬೀದಿಗೊಂದಿದೆ. ಕೀ ಕೊಡುವ ಗೋಡೆ ಗಡಿಯಾರ ಬಿಚ್ಚುವವರು ಬೆರಳೆಣಿಕೆ. ಸುಮಾರು ಜನ ನೋಡಿದ ತಕ್ಷಣ ಒಂದೇ ಮಾತು ಹೇಳಿದರು. ಒಳಗಿನ ಮೆಷಿನ್ ತೆಗೆದು ಸೆಲ್ ಮೆಷಿನ್ ಕೂರಿಸಿ ಕೊಡ್ತೀವಿ, ಐನೂರು ರೂಪಾಯಿ, ಸಂಜೆ ಬನ್ನಿ. ಕೆಲವರು ಹಳೇ ಮೆಷಿನ್ ನಮಗೇ ಬಿಟ್ಟುಬಿಡಿ ಅಂತಲೂ ಅಂದರು. ಅದರ ಬೆಲೆ ಅವರಿಗೆ ಗೊತ್ತು ಅಂತ ಆಗಲೇ ಅರ್ಥ ಆಯಿತು. ಒಂದು ಅಂಗಡಿಯವರು ಒಪ್ಪಿಕೊಂಡು, ಮಳೆಗಾಲದ ಒಳ್ಳೇ ಭಾಗ ಇಟ್ಟುಕೊಂಡು, "ನಾಳೆ ಬನ್ನಿ" ಅಂತ ಸತಾಯಿಸಿ, ಮುಟ್ಟದೆ ವಾಪಸ್ ಕೊಟ್ಟರು. ಕೀ ಮಾಯ. ಕೇಳಿದರೆ ನೀವು ಕೊಟ್ಟೇ ಇಲ್ಲ ಅಂದರು. ನನಗೆ ಹೊಟ್ಟೆ ಉರಿದಿದ್ದು ಗಡಿಯಾರ ತಡವಾಗಿದ್ದಕ್ಕಲ್ಲ, ಅಜ್ಜ ಪ್ರತಿ ಭಾನುವಾರ ಹಿಡಿದ ಕೀ ಅದು ಅನ್ನೋದಕ್ಕೆ. ಹಾಗಾಗಿ ಕೊಡುವಾಗ ಚೀಟಿ ಮಾಡಿಸಿ: ಪೆಂಡುಲಮ್, ಕೀ, ಎರಡು ಮುಳ್ಳು, ಗಾಜು, ಬಾಗಿಲ ಕೊಂಡಿ, ಒಂದೊಂದೂ ಬರೆಸಿ. ಮೆಷಿನ್‌ನ ಫೋಟೊ ಅವರ ಎದುರೇ ತೆಗೆಯಿರಿ.

ಕೊನೆಗೆ ಸಿಕ್ಕಿದ್ದು ಚಿಕ್ಕಪೇಟೆ ಕಡೆಯ ಒಂದು ಮಹಡಿ ಅಂಗಡಿ. ಬೋರ್ಡ್ ಕೂಡ ಇಲ್ಲ. ಎಪ್ಪತ್ತು ದಾಟಿದ ಯಜಮಾನರು, ಜೊತೆಗೆ ಮೊಮ್ಮಗ. ಅವರು ಗಡಿಯಾರದ ಮರ ನೋಡಲೇ ಇಲ್ಲ. ಮುಳ್ಳು ತೆಗೆದು, ಡಯಲ್ ಬಿಚ್ಚಿ, ಮೂಗಿನ ಹತ್ತಿರ ತಂದು ವಾಸನೆ ನೋಡಿದರು. "ಕೊಬ್ಬರಿ ಎಣ್ಣೆ ಬಿಟ್ಟಿದ್ದೀರಿ" ಅಂದರು. ನಿಜ, ಊರಲ್ಲಿ ಕಿರುಗುಟ್ಟಿದ ಯಾವುದಕ್ಕೂ ಅದೇ ಔಷಧಿ. ಆ ಎಣ್ಣೆ ಹಿತ್ತಾಳೆಗೆ ಅಂಟಿ, ಹಸಿರು ಅಂಟಾಗಿ, ಧೂಳು ಕೂಡಿ ಗಟ್ಟಿಯಾಗಿತ್ತು. ಒಂದು ಹಲ್ಲುಕಡ್ಡಿಯ ತುದಿಯಲ್ಲಿ ಕೆರೆದು ನನ್ನ ಬೆರಳಿಗೆ ಸವರಿದರು, ಮೇಣದ ಹಾಗೆ ಎಳೆ ಬಂತು. ಆಮೇಲೆ ಭೂತಗನ್ನಡಿ ಕೊಟ್ಟು ಚಕ್ರದ ಅಚ್ಚು ಕೂರುವ ತೂತು ತೋರಿಸಿದರು. ಗುಂಡಗೆ ಇರಬೇಕಾದದ್ದು ಸವೆದು ಉದ್ದುದ್ದ ಆಗಿದೆ. ಚಕ್ರವನ್ನು ಬೆರಳಲ್ಲಿ ಒತ್ತಿದರೆ ಅಚ್ಚು ಆ ಕಡೆ ಈ ಕಡೆ ಆಡುತ್ತದೆ, ಹಲ್ಲಿಗೆ ಹಲ್ಲು ಸರಿಯಾಗಿ ಕೂರಲ್ಲ. ಗಡಿಯಾರ ನಿಂತದ್ದು ಇದಕ್ಕೇ. ಜೊತೆಗೆ ಗಂಟೆ ಹೊಡೆಯುವ ಕಡೆಯ ಸ್ಪ್ರಿಂಗ್ ತುಂಡಾಗಿತ್ತು.

ಡಯಲ್ ಮೇಲೆ ಎರಡು ಕೀ ತೂತು ಇರುತ್ತವಲ್ಲ, ನಮ್ಮದರಲ್ಲಿ ಬಲಗಡೆಯದು ಓಡಿಸೋಕೆ, ಎಡಗಡೆಯದು ಗಂಟೆ ಹೊಡೆಯೋಕೆ. ಎರಡಕ್ಕೂ ಬೇರೆ ಬೇರೆ ಸ್ಪ್ರಿಂಗ್. ಅಮೆರಿಕದ ಈ ಮೆಷಿನ್‌ಗಳಲ್ಲಿ ಸ್ಪ್ರಿಂಗ್‌ಗೆ ಡಬ್ಬಿಯೇ ಇಲ್ಲ, ಬಯಲಲ್ಲೇ ಸುತ್ತಿಕೊಂಡಿರುತ್ತದೆ. ಮನೆಯಲ್ಲಿ ಬಿಚ್ಚುವ ಆಸೆ ಇರುವವರು ಇಲ್ಲಿ ನಿಲ್ಲಿ. ಕೀ ಕೊಟ್ಟಿರುವ ಸ್ಪ್ರಿಂಗನ್ನು ಮೊದಲು ನಿಧಾನಕ್ಕೆ ಸಡಿಲಿಸದೆ ತಗಡು ಬಿಚ್ಚಿದರೆ ಬೆರಳು ಕುಯ್ಯುತ್ತದೆ, ಚಕ್ರದ ಹಲ್ಲೂ ಹೋಗುತ್ತದೆ. ಯಜಮಾನರ ಎಡಗೈ ಹೆಬ್ಬೆರಳಲ್ಲಿ ಅದರ ಗುರುತು ಇದೆ.

ಸವೆದ ತೂತುಗಳಿಗೆ ಹಿತ್ತಾಳೆ ಬುಷ್ (ತೂತಿನೊಳಗೆ ಕೂರಿಸುವ ಸಣ್ಣ ಬಳೆ) ಹಾಕೋದು, ಪೂರ್ತಿ ಬಿಚ್ಚಿ ತೊಳೆಯೋದು, ಸ್ಪ್ರಿಂಗ್ ಬದಲಾಯಿಸೋದು, ಹೊಸ ಕೀ, ಎಲ್ಲ ಸೇರಿ ಸುಮಾರು 7,000 ರೂಪಾಯಿ ಅಂದರು. ಅರ್ಧ ಮುಂಗಡ. ಅಳತೆ ಹೊಂದುವ ಸ್ಪ್ರಿಂಗ್ ಸಿಗೋದೇ ಕಷ್ಟ, ಬೇರೆ ಸತ್ತ ಗಡಿಯಾರದಿಂದ ತೆಗೆಯಬೇಕು, ಅದು ಬರೋವರೆಗೆ ಫೋನ್ ಮಾಡಬೇಡಿ ಅಂತಲೂ ಹೇಳಿದರು. ಸ್ಪ್ರಿಂಗ್ ಸಿಕ್ಕ ಮೇಲೂ ತಕ್ಷಣ ಕೊಡಲಿಲ್ಲ. ಒಮ್ಮೆ ಕೀ ಕೊಟ್ಟರೆ ಎಂಟು ದಿನ ಓಡುವ ಗಡಿಯಾರ ಇದು, ಎಂಟೂ ದಿನ ಓಡಿಸಿ ನೋಡದೆ ಕೊಡಲ್ಲ ಅಂದರು. ಇಂಥ ಮಾತು ಹೇಳುವವರು ಸಿಕ್ಕರೆ ಬಿಡಬೇಡಿ.

ಅವರ ಅಂಗಡಿಯಲ್ಲಿ ಕೂತು ಕಲಿತ ಒಂದು ವಿಷಯ ಈ ಇಡೀ ವ್ಯವಹಾರಕ್ಕೆ ಮೂಲ. ಗಡಿಯಾರ ಅಲಂಕಾರದ ಸಾಮಾನು ಅಂತ ನಾವು ಕೊಳ್ಳುತ್ತೇವೆ, ಅದು ನಿಜಕ್ಕೂ ಒಂದು ಮೆಷಿನ್. ಮರ ಕೆಟ್ಟರೆ ಬಡಗಿ ಸಿಗುತ್ತಾರೆ, ಗಾಜು ಒಡೆದರೆ ಗಾಜಿನಂಗಡಿ ಇದೆ. ಒಳಗಿನದು ಹೋದರೆ ದುಡ್ಡೂ ಹೋಗುತ್ತದೆ, ಸಮಯವೂ ಹೋಗುತ್ತದೆ. ಕೊಳ್ಳುವಾಗ ಮೊದಲು ಬಾಗಿಲು ತೆಗೆಸಿ ಒಳಗೆ ನೋಡಿ. ತೋರಿಸಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.

ಸ್ಪ್ರಿಂಗ್‌ಗೆ ಕಾಯುವ ಹೊತ್ತಲ್ಲಿ ಗೋಡೆಗೆ ಬೇರೆ ಸಾಮಾನು ನೋಡೋಣ ಅಂತ ಹೊರಟೆವು. ಚಿಕ್ಕಪೇಟೆ, ಬಿವಿಕೆ ಅಯ್ಯಂಗಾರ್ ರಸ್ತೆ ಸುತ್ತ ಭಾನುವಾರ ಬೆಳಗ್ಗೆ ನಡೆಯುವ ಸಂಡೇ ಬಜಾರ್ ಗೊತ್ತಲ್ವಾ, ಬೆಳಕು ಹರಿಯೋ ಹೊತ್ತಿಗೆ ಹೋದರೆ ಏನಾದರೂ ಸಿಗುತ್ತದೆ, ತಿಂಡಿ ತಿಂದು ಹೋದರೆ ಬರೀ ಚಾರ್ಜರ್, ಚಪ್ಪಲಿ. ತಮಿಳುನಾಡಿನ ಕಾರೈಕುಡಿಗೂ ಹೋಗಿ ಬಂದೆವು. ಅಲ್ಲಿ ಮುನೀಶ್ವರನ್ ಕೋವಿಲ್ ಬೀದಿಯಲ್ಲಿ ಸಾಲಾಗಿ ಹಳೇ ಸಾಮಾನಿನ ಅಂಗಡಿಗಳಿವೆ. ಚೆಟ್ಟಿನಾಡಿನ ದೊಡ್ಡ ಮನೆಗಳಿಂದ ಹೊರಬಂದ ಎನಾಮಲ್ ಡಬ್ಬಿ, ಮರದ ಪೆಟ್ಟಿಗೆ, ಬೆಲ್ಜಿಯಂ ಗಾಜು ಅಂತ ಹೇಳಿ ಮಾರುವ ಕನ್ನಡಿ ಎಲ್ಲ ಇದೆ. ನೋಡೋಕೆ ಕಣ್ಣು ಸಾಲದು. ಬೆಲೆ ಮಾತ್ರ ಅವರಿಗೂ ಚೆನ್ನಾಗಿ ಗೊತ್ತು.

ನಕಲಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಥಳಥಳ ಹೊಳೆಯುವ ಹಿತ್ತಾಳೆ ಕಹಳೆ, ನಾಯಿ ಚಿತ್ರದ ಚೀಟಿ ಇರುವ ಗ್ರಾಮೊಫೋನ್ ಕಂಡರೆ ಬಹುಪಾಲು ಅದು ಈಚೆಗೆ ಜೋಡಿಸಿದ್ದು. ಲಂಡನ್ ಅಂತ ಕೊರೆದು ಹಳೇ ಇಸವಿ ಹಾಕಿರುವ ದುರ್ಬೀನು, ದಿಕ್ಸೂಚಿ ಕೂಡ ನಮ್ಮ ಉತ್ತರ ಭಾರತದಲ್ಲೇ ರಾಶಿ ರಾಶಿ ತಯಾರಾಗುತ್ತವೆ. ಶೋಕಿಗೆ ಬೇಕಾದರೆ ತಗೊಳ್ಳಿ, ಹೊಸದರ ಬೆಲೆ ಕೊಡಿ. ಗೋಡೆ ಗಡಿಯಾರದಲ್ಲಿ ಡಯಲ್ ಮೇಲಿನ ಹೆಸರೂ ಒಳಗಿನ ತಗಡಿನ ಮೇಲೆ ಒತ್ತಿರುವ ಹೆಸರೂ ಒಂದೇನಾ ನೋಡಿ. ಹಿಂದಿನ ಹಲಗೆಯಲ್ಲಿ ಉಪಯೋಗಕ್ಕಿಲ್ಲದ ಸ್ಕ್ರೂ ತೂತುಗಳಿದ್ದರೆ ಬೇರೆ ಮೆಷಿನ್ ಇತ್ತು ಅಂತ ಲೆಕ್ಕ. ಸ್ಕ್ರೂ ತಲೆಯಲ್ಲಿ ಪ್ಲಸ್ ಗುರುತು ಇದ್ದರೆ ಅದು 1930ರ ದಶಕಕ್ಕಿಂತ ಹಿಂದಿನದಾಗಿರೋಕೆ ಸಾಧ್ಯವಿಲ್ಲ, ಆಗಿನ್ನೂ ಅಂಥ ಸ್ಕ್ರೂ ಬಂದಿರಲಿಲ್ಲ. ಒಂದು ಅಂಗಡಿಯಲ್ಲಿ "ಬ್ರಿಟಿಷ್ ಟೈಮಿಂದು ಸಾರ್, 35 ಸಾವಿರ" ಅಂದ ಗಡಿಯಾರದ ತುಂಬ ಪ್ಲಸ್ ಸ್ಕ್ರೂ. ತೋರಿಸಿದೆ. "ಸ್ಕ್ರೂ ಹೊಸದು ಹಾಕಿಸಿದ್ದೀವಿ" ಅಂದರು. ಇರಬಹುದು, ಆದರೆ ಅಷ್ಟೂ ಸ್ಕ್ರೂ?

ಅಲ್ಲೇ ಸಂಡೇ ಬಜಾರ್‌ನಲ್ಲಿ ಒಂದು ಖಾಲಿ ಪೆಟ್ಟಿಗೆ ಸಿಕ್ಕಿತು. ಸೈಕೋಶಾ ಹೆಸರಿನ ಡಯಲ್, ಒಳ್ಳೇ ಮರ, ಮೆಷಿನ್ ಇಲ್ಲ. ಟೋಕಿಯೊದಲ್ಲಿ ಹಟ್ಟೋರಿ ಕಿಂತಾರೊ 1892ರಲ್ಲಿ ಶುರು ಮಾಡಿದ ಕಾರ್ಖಾನೆ ಅದು, ಈಗಿನ ಸೈಕೊ ಬೆಳೆದದ್ದು ಅದರಿಂದಲೇ. 1,800ಕ್ಕೆ ಕೊಟ್ಟರು. ಸದ್ಯಕ್ಕೆ ಅದಕ್ಕೆ ಸೆಲ್ ಮೆಷಿನ್ ಹಾಕಿದ್ದೇನೆ. ಹಳೇ ಗಡಿಯಾರದ ಹುಚ್ಚು ಇರುವ ಕೆಲವರು ಇದಕ್ಕೆ ಬೈಯುತ್ತಾರೆ. ಒಳಗಿನದು ಇದ್ದರೆ ತೆಗೆಯಬಾರದು, ಅದು ಪಾಪ. ಮೊದಲೇ ಕಳೆದುಹೋಗಿದ್ದರೆ ಸೆಲ್ ಹಾಕೋದರಲ್ಲಿ ಏನೂ ತಪ್ಪಿಲ್ಲ ಅನ್ನೋದು ನನ್ನ ಅಭಿಪ್ರಾಯ. ನಮ್ಮತ್ತೆಗಂತೂ ಮನೆಯಲ್ಲಿ ನಿಂತ ಗಡಿಯಾರ ಇರಕೂಡದು, ಅಷ್ಟೇ.

ಕತ್ತಲಲ್ಲಿ ಹೊಳೆಯುವ ಡಯಲ್‌ನ ಹಳೇ ಟೈಂಪೀಸ್ ಕಂಡು ಮಗಳು ಬೇಕು ಅಂದಳು. ಬೇಡ ಅಂದೆ. ಹಿಂದೆ ಆ ಬಣ್ಣದಲ್ಲಿ ನಿಜವಾದ ರೇಡಿಯಂ ಹಾಕುತ್ತಿದ್ದರು, ಹೊಳಪು ಸತ್ತರೂ ರೇಡಿಯಂ ಸಾಯಲ್ಲ. ಇದ್ದರೂ ಗಾಜು ತೆಗೆದು ಕೆರೆಯೋದು ಬೇಡವೇ ಬೇಡ.

ಅಪ್ಪನ ಎಚ್‌ಎಂಟಿ ಜನತಾ ಮನೆಯಲ್ಲೇ ಇತ್ತು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲೇ ಶುರುವಾದ ವಾಚು, ನಮ್ಮ ಊರಿನದೇ ಅನ್ನೋ ಅಭಿಮಾನ. ಒಂದು ಸಣ್ಣ ಗಾಜಿನ ಗುಮ್ಮಟದೊಳಗೆ ಇಟ್ಟೆವು. ಜೊತೆಗೆ ಇನ್ನೊಂದು ಎಚ್‌ಎಂಟಿ ಕೊಳ್ಳುವವರು ಹುಷಾರು. ಆನ್‌ಲೈನ್‌ನಲ್ಲಿ ಬಣ್ಣಬಣ್ಣದ ಡಯಲ್‌ನವು ಸಿಗುತ್ತವೆ, ಬಹಳಷ್ಟು ಡಯಲ್‌ಗೆ ಈಚೆಗೆ ಬಣ್ಣ ಹೊಡೆದದ್ದು. ಮೊದಲು ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಂಗೆ ಹೋಗಿ ಅಸಲಿ ಹೇಗಿತ್ತು ಅಂತ ನೋಡಿಕೊಂಡು ಬನ್ನಿ, ಕಣ್ಣು ಪಳಗುತ್ತದೆ.

ಮರದ ಕೆಲಸ ಬೇಗ ಮುಗಿಯಿತು. ತೇಗ ಅಂದುಕೊಂಡದ್ದು ಸಾದಾ ಮರದ ಮೇಲೆ ಅಂಟಿಸಿದ ತೆಳು ಪದರ. ಒಂದು ಮೂಲೆಗೆ ಕುಟ್ಟೆ ಹಿಡಿದಿತ್ತು, ಔಷಧಿ ಚುಚ್ಚಿಸಿದೆವು. ಬಡಗಿ ಮೆಷಿನ್ನಲ್ಲಿ ಉಜ್ಜಿ ಪಿಯು (ಪಾಲಿಯುರಿಥೇನ್) ಪಾಲಿಶ್ ಹೊಡೆದುಬಿಡೋಣ ಅಂದರು. ಬೇಡ ಅಂದೆ. ತೆಳು ಪದರವನ್ನು ಉಜ್ಜಿದರೆ ಹರಿದುಹೋಗುತ್ತದೆ, ಪಿಯು ಹೊಡೆದರೆ ಪ್ಲಾಸ್ಟಿಕ್ ಹೊದಿಸಿದಂತೆ ಮಿಂಚುತ್ತದೆ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ಶೇ ಬೇಕು, ಬಟ್ಟೆ ಉಂಡೆಯಲ್ಲಿ ಕೈಯಿಂದಲೇ ಹಚ್ಚಬೇಕು ಅಂತ ಹಠ ಹಿಡಿದೆ. 2,500 ಆಯಿತು. ಮಳೆ ದಿನ ಹಚ್ಚಿಸಬೇಡಿ, ತೇವಕ್ಕೆ ಬೆಳ್ಳಗೆ ಮಬ್ಬು ಕೂರುತ್ತದೆ.

ಹಿತ್ತಾಳೆ ಸಾಮಾನಿನಲ್ಲಿ ನಮ್ಮ ಮನೆಯಲ್ಲಿ ಜಗಳವೇ ಆಯಿತು. ಅತ್ತೆ ಹುಣಸೆಹಣ್ಣು ಹಚ್ಚಿ ಫಳಫಳ ಮಾಡಬೇಕು ಅಂದರು, ನನಗೆ ಆ ಕಂದು ಬಣ್ಣವೇ ಬೇಕು. ದೀಪ, ಪೂಜೆ ಸಾಮಾನು ಅವರ ಲೆಕ್ಕಕ್ಕೆ, ಗೋಡೆ ಹಲಗೆಯ ಎಲೆಅಡಿಕೆ ಪೆಟ್ಟಿಗೆ, ಸೇರು, ಪಾವು ನನ್ನ ಲೆಕ್ಕಕ್ಕೆ ಅಂತ ತೀರ್ಮಾನ ಆಯಿತು.

ಗೋಡೆಗೆ ಏರಿಸೋದು ಸುಲಭ ಅಂದುಕೊಂಡಿದ್ದೆ. ಈಗಿನ ಫ್ಲ್ಯಾಟ್‌ಗಳ ಗೋಡೆ ಇಟ್ಟಿಗೆಯದಲ್ಲ, ಹಗುರ ಬ್ಲಾಕಿನದು. ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ತಿರುಗಿಸಿದರೆ ಪುಡಿಪುಡಿ ಉದುರಿತು. ಆ ಬ್ಲಾಕಿಗೆ ಅಂತಲೇ ಬೇರೆ ಉದ್ದನೆಯ ಪ್ಲಗ್ ಬರುತ್ತದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಬ್ಲಾಕ್ ಗೋಡೆ ಅಂತ ಹೇಳಿಯೇ ಕೇಳಿ. ನಾವು ಕಾಂಕ್ರೀಟ್ ಕಂಬ ಎಲ್ಲಿದೆ ಅಂತ ತಟ್ಟಿ ನೋಡಿ, ಅಲ್ಲೇ ಹಾಕಿಸಿದೆವು. ಡಿಸೈನರ್ ಹೇಳಿದ ಜಾಗಕ್ಕಿಂತ ಒಂದೂವರೆ ಅಡಿ ಬಲಕ್ಕೆ ಬಂತು. ಬರಲಿ. ಬಿಸಿಲು ನೇರ ಬೀಳುವ ಗೋಡೆ, ಅಡುಗೆಮನೆ ಹಬೆ ತಾಗುವ ಗೋಡೆ, ಬಾಗಿಲು ಧಡಾರ್ ಅಂತ ಹಾಕಿದರೆ ಅದುರುವ ಗೋಡೆ, ಮೂರೂ ಬೇಡ.

ಏರಿಸಿದ ಮೇಲೆ ಪೆಂಡುಲಮ್ ತಳ್ಳಿದೆ, ಸ್ವಲ್ಪ ಹೊತ್ತಲ್ಲೇ ನಿಂತಿತು. ಮತ್ತೆ ತಳ್ಳಿದೆ, ಮತ್ತೆ ನಿಂತಿತು. ಅಷ್ಟು ದುಡ್ಡು ಸುರಿದು ಹೀಗಾಯ್ತಲ್ಲ ಅಂತ ಎದೆ ಧಸಕ್ ಅಂದಿತು. ಯಜಮಾನರಿಗೆ ಫೋನ್ ಮಾಡಿದರೆ "ಫೋನನ್ನ ಗಡಿಯಾರದ ಹತ್ತಿರ ಹಿಡೀರಿ" ಅಂದರು. ಕೇಳಿಸಿಕೊಂಡು "ಕುಂಟ್ತಾ ಇದೆ" ಅಂದರು. ಟಿಕ್ ಮತ್ತು ಟಾಕ್ ನಡುವಿನ ಬಿಡುವು ಎರಡೂ ಕಡೆ ಸಮ ಇರಬೇಕು. ಟಿಕ್‌ಟಾಕ್, ಬಿಡುವು, ಟಿಕ್‌ಟಾಕ್, ಬಿಡುವು ಅಂತ ಕೇಳಿದರೆ ನಿಲ್ಲುತ್ತದೆ. ಗಡಿಯಾರದ ಕೆಳತುದಿಯನ್ನು ಕೂದಲೆಳೆಯಷ್ಟು ಎಡಕ್ಕೆ, ಬಲಕ್ಕೆ ಸರಿಸುತ್ತ ಕಿವಿಯಲ್ಲೇ ಸರಿ ಮಾಡಬೇಕು. ರಸಮಟ್ಟ ಇಟ್ಟು ನೋಡಿದಾಗ ನೇರ ಇತ್ತು, ಕಿವಿಗೆ ಓರೆ ಇತ್ತು. ಕಿವಿ ಹೇಳಿದ್ದೇ ಸರಿ. ಸರಿ ಕೂತ ಜಾಗದಲ್ಲಿ ಗೋಡೆ ಮೇಲೆ ಪೆನ್ಸಿಲ್ ಗುರುತು ಹಾಕಿಬಿಡಿ, ಧೂಳು ಹೊಡೆಯುವವರು ಅಲ್ಲಾಡಿಸದೆ ಇರಲ್ಲ.

ಆಮೇಲೆ ಹೊತ್ತು ಸರಿ ಮಾಡೋದು. ಪೆಂಡುಲಮ್ ಗುಂಡಿನ ಕೆಳಗೊಂದು ತಿರುಪು ಇದೆ. ಗುಂಡು ಇಳಿದರೆ ನಿಧಾನ, ಏರಿದರೆ ಬೇಗ. ಸ್ವಲ್ಪ ತಿರುಗಿಸಿ ಒಂದು ಪೂರ್ತಿ ದಿನ ಬಿಟ್ಟು ನೋಡಬೇಕು. ಗಂಟೆಗೊಮ್ಮೆ ಕೈ ಹಾಕಿದರೆ ಯಾವತ್ತೂ ಸರಿಹೋಗಲ್ಲ. ಕೀ ಕೊಟ್ಟ ಹೊಸತರಲ್ಲಿ ಸ್ವಲ್ಪ ಮುಂದೆ, ವಾರದ ಕೊನೆಗೆ ಸ್ವಲ್ಪ ಹಿಂದೆ ಹೋಗೋದು ಇದರ ಗುಣ, ಹಾಗಾಗಿ ವಾರಕ್ಕೊಮ್ಮೆ ಅದೇ ದಿನ ಕೀ ಕೊಡಿ. ಮೊಬೈಲ್ ಜೊತೆ ಹೋಲಿಸಬೇಡಿ. ಮುಳ್ಳು ಹಿಂದಕ್ಕೆ ತಿರುಗಿಸಬೇಡಿ, ಮುಂದಕ್ಕೆ ತಿರುಗಿಸುವಾಗಲೂ ಪ್ರತಿ ಗಂಟೆ, ಅರ್ಧಗಂಟೆಯಲ್ಲಿ ನಿಂತು ಪೂರ್ತಿ ಹೊಡೆಯೋಕೆ ಬಿಡಿ. ಇಲ್ಲದಿದ್ದರೆ ಏಳಕ್ಕೆ ನಾಲ್ಕು ಹೊಡೆಯುತ್ತದೆ. ಹಾಗಾದಾಗ ಎತ್ತೋಕೆ ಮೆಷಿನ್ ಕೆಳಗೆ ಒಂದು ತಂತಿ ಇದೆ, ಎತ್ತಿದಷ್ಟು ಸಲ ಮುಂದಿನ ಗಂಟೆ ಹೊಡೆಯುತ್ತದೆ. ನಿಮ್ಮದರಲ್ಲಿ ಇದೆಯಾ ಅಂತ ರಿಪೇರಿಯವರ ಹತ್ತಿರವೇ ತೋರಿಸಿಕೊಳ್ಳಿ.

ರಾತ್ರಿ ಹೊಡೆತ ಮೊದಲ ವಾರ ಎಲ್ಲರ ನಿದ್ದೆ ಕೆಡಿಸಿತು. ಹನ್ನೆರಡೂವರೆಗೆ ಒಂದು, ಒಂದಕ್ಕೆ ಒಂದು, ಒಂದೂವರೆಗೆ ಒಂದು. ಎಚ್ಚರ ಆದರೆ ಎಷ್ಟು ಹೊತ್ತು ಅಂತ ತಿಳಿಯೋದೇ ಇಲ್ಲ. ಕೆಳಗಿನ ಮನೆಯವರು ಲಿಫ್ಟಿನಲ್ಲಿ ವಿಚಾರಿಸಿದರು. ಹೊಡೆಯುವ ಕಡೆಗೆ ಕೀ ಕೊಡದೆ ಬಿಟ್ಟರೆ ಸುಮ್ಮನಾಗುತ್ತದೆ, ಓಡೋದಕ್ಕೆ ಏನೂ ತೊಂದರೆ ಇಲ್ಲ. ನಾವು ಸುತ್ತಿಗೆಯ ತಲೆಗೆ ತೆಳು ಚರ್ಮದ ತುಂಡು ಅಂಟಿಸಿದೆವು, ಸದ್ದು ಮೆತ್ತಗಾಯಿತು.

ಈಗ ನ್ಯೂಜೆರ್ಸಿ ಕಥೆ. ಗಡಿಯಾರ ಓಡುವ ವಿಡಿಯೊ ನೋಡಿದ ಮೇಲೆ ದೊಡ್ಡಪ್ಪನ ಮಗನಿಗೆ ಆಸೆ ಜೋರಾಯಿತು. "ನ್ಯೂಯಾರ್ಕಲ್ಲಿ ಹುಟ್ಟಿದ್ದು ಕಣೋ, ವಾಪಸ್ ಬರ್ಲಿ ಬಿಡು" ಅಂದ. ಬರೋಕೆ ಆಗಲ್ಲ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆ ಪ್ರಕಾರ ನೂರು ವರ್ಷ ತುಂಬಿದ, ಹಿಂದಿನ ಕಾಲದ ಕಲೆ, ಕಸುಬು, ವಿಜ್ಞಾನ ತೋರಿಸುವ ವಸ್ತುವನ್ನು ನಮ್ಮಂಥವರು ದೇಶದ ಹೊರಗೆ ಸಾಗಿಸುವ ಹಾಗಿಲ್ಲ. ಕಾಯ್ದೆ ಎಲ್ಲಿ ತಯಾರಾಯಿತು ಅಂತ ಕೇಳಲ್ಲ, ಎಷ್ಟು ಹಳೇದು ಅಂತ ಕೇಳುತ್ತದೆ. ನಮ್ಮ ಗಡಿಯಾರ ನೂರು ದಾಟಿದೆ ಅಂತಲೇ ನನ್ನ ಅಂದಾಜು. ಹಾಗಾಗಿ ಅದನ್ನು ಕೇಳೋದೇ ಬೇಡ ಅಂತ ಬಿಟ್ಟೆವು.

ಅವನ ಪಾಲಿಗೆ ಬಂದ ಹಿತ್ತಾಳೆ ಹೂಜಿ, ಹರಿವಾಣ ಅಷ್ಟು ಹಳೇದಲ್ಲ. ಆದರೆ ವಿಮಾನ ನಿಲ್ದಾಣದಲ್ಲಿ ಅದನ್ನು ನಾವು ಹೇಳಿದರೆ ನಂಬಬೇಕಲ್ಲ. ಅದಕ್ಕೆ ಕೇಂದ್ರ ಪುರಾತತ್ವ ಇಲಾಖೆಯಿಂದ, ಇದು ಪುರಾತನ ವಸ್ತು ಅಲ್ಲ ಅಂತ ಪ್ರಮಾಣಪತ್ರ ಪಡೆಯಬೇಕು. ಅರ್ಜಿ, ಎದುರು ಹಿಂದು ಎರಡೂ ಕಡೆಯ ಫೋಟೊ, ಅಳತೆ, ಯಾವ ಲೋಹ, ಎಲ್ಲಿಂದ ಬಂತು, ಗುರುತಿನ ಚೀಟಿ, ಇಷ್ಟು ಕೊಟ್ಟೆವು. ಎಲ್ಲಿಂದ ಬಂತು ಅನ್ನೋದಕ್ಕೆ ಪಾಲಿನ ಪಟ್ಟಿ ತೋರಿಸಿದೆ. ಸಾಮಾನನ್ನೇ ತಂದು ತೋರಿಸಬೇಕು, ಬರೀ ಫೋಟೊ ಸಾಲದು. ನೋಡುವವರು ಇರುವ ದಿನ ಯಾವುದು ಅಂತ ಮೊದಲು ವಿಚಾರಿಸಿಕೊಂಡು ಹೋಗಿ. ಟಿಕೆಟ್ ಬುಕ್ ಆದ ಮೇಲೆ ಅರ್ಜಿ ಹಾಕಿದರೆ ಪರದಾಡುತ್ತೀರಿ, ನಮಗೆ ಪ್ರಮಾಣಪತ್ರ ಕೈಗೆ ಸಿಕ್ಕಿದ್ದು ಹೊರಡುವ ದಿನ ಹತ್ತಿರ ಬಂದಾಗ.

ನೂರು ದಾಟಿದ ಕಲ್ಲು, ಲೋಹದ ವಿಗ್ರಹ ಮನೆಯಲ್ಲಿದ್ದರೆ ಮಾರದೆ ಇದ್ದರೂ ನೋಂದಣಿ ಮಾಡಿಸಬೇಕು. ಅಂಥವನ್ನು ಮಾರುವ ಅಂಗಡಿಗೆ ಲೈಸೆನ್ಸ್ ಬೇಕು, ಬಿಲ್ ಕೇಳಿ. ದಂತದ ಯಾವ ಸಾಮಾನನ್ನೂ, ಎಷ್ಟೇ ಚಿಕ್ಕದಾದರೂ, ಕೊಳ್ಳೋಕೆ ಹೋಗಬೇಡಿ, ವನ್ಯಜೀವಿ ಕಾಯ್ದೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಖರ್ಚು ಕೇಳುವವರಿಗೆ: ಮೆಷಿನ್ 7,000, ಮರ 2,500, ಗಾಜು ಮತ್ತು ಕೊಂಡಿ 600, ಸೈಕೋಶಾ ಪೆಟ್ಟಿಗೆ 1,800, ಗುಮ್ಮಟ 900. ಓಡಾಟ, ಊಟ, ಕಾರೈಕುಡಿ ಲೆಕ್ಕ ಬರೆದಿಟ್ಟಿಲ್ಲ, ಬರೆದಿದ್ದರೆ ಹೆಂಡತಿ ನೋಡುತ್ತಾಳೆ.

ಇನ್ನು ಉಳಿದಿರೋದು ಆ ಸೈಕೋಶಾ. ಅದರ ಎರಡು ಕೀ ತೂತುಗಳ ನಡುವೆ 6.5 ಸೆಂಟಿಮೀಟರ್ ಇದೆ, ಮುಳ್ಳಿನ ತೂತು ಎರಡಕ್ಕಿಂತ ಸ್ವಲ್ಪ ಮೇಲೆ. ಈ ಅಳತೆಗೆ ಹೊಂದುವ ಹಳೇ ಮೆಷಿನ್, ಕೆಟ್ಟದ್ದಾದರೂ ಸರಿ, ಯಾರ ಅಟ್ಟದಲ್ಲಾದರೂ ಇದ್ದರೆ ಗುಜರಿಗೆ ಹಾಕುವ ಮುಂಚೆ ನನಗೊಂದು ಮಾತು ತಿಳಿಸಿ.